ಶರ್ಬಾನು ಅಕ್ಕನ ಗೋಡೆ ಗಡಿಯಾರ

ಮಾರ್ಚಿನಲ್ಲಿ ಸರ್ಕಾರ ಅಲ್ಮಾಟಿಯ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸಿತು. ನಮ್ಮ ಮಹಡಿಯ ಶರ್ಬಾನು ಅಕ್ಕ ಮಾತ್ರ ತಮ್ಮ ಗೋಡೆ ಗಡಿಯಾರಕ್ಕೆ ಯಾರನ್ನೂ ಕೈ ಹಚ್ಚಗೊಡಲಿಲ್ಲ.

"ಹೊತ್ತಿಗ್ ಮುಂಚೆ ಕತ್ಲೆ ಮಾಡೋ ಗಂಟೆ ನಂಗ್ ಬೇಡ. ನನ್ನ ಮನೆಗ್ ಬರೋರು ನನ್ನ ಗಂಟೆಗ್ ಬರ್ಲಿ!"

ಅಕ್ಕಪಕ್ಕದ ನಾವು ನಕ್ಕು, ಅವರ ಮನೆಯ ಚಹಾಕ್ಕೆ ಅವರ ಗಂಟೆಗೇ ಹೋಗುತ್ತಿದ್ದೆವು.

ಏಪ್ರಿಲಿನಲ್ಲಿ ಅವರ ಮೊಮ್ಮಗ ಹೆಜ್ಜೆಯಿಡತೊಡಗಿದ. ಆಗ ಮಗುವಿನ ಕಾಲಿಗೆ ಕಪ್ಪು-ಬಿಳಿ ದಾರ ಕಟ್ಟಿ ಕತ್ತರಿಸುವುದು ನಮ್ಮ ಪದ್ಧತಿ. ಕತ್ತರಿಸಿದವರ ನಡೆಯೇ ಮಗುವಿಗೂ ಬರುತ್ತದಂತೆ. ಈ ಸಲ ಕತ್ತರಿಸಬೇಕಾದವರು ಸೊಸೆ ಮೆರುಯೆರ್ತ್‌ಳ ತಾಯಿ ಉಲ್ಬೋಸಿನ್. ಮಗಳ ಮನೆಯಲ್ಲಿ ಆಕೆಗೆ ಸಿಗಲಿದ್ದ ಮೊದಲ ಮರ್ಯಾದೆ ಅದು. ಹನ್ನೆರಡಕ್ಕೆ ಬನ್ನಿ ಎಂದು ಆಕೆಯ ಊರಾದ ಕಿಜಿಲೊರ್ದಾಕ್ಕೆ ಹೇಳಿಕಳಿಸಿದ್ದರು.

ಆ ದಿನ ಗೋಡೆಯ ಮೇಲೆ ಹನ್ನೆರಡೂವರೆ ದಾಟಿತು.

"ಎಲ್ಲೇ ನಿಮ್ಮಮ್ಮ?"

"ಅತ್ತೇ, ಫೋನಲ್ಲಿ ಇನ್ನೂ ಹನ್ನೊಂದೂವರೆ. ಅಮ್ಮಂಗೆ ನಿಮ್ಮ ಗಂಟೆ ಹೇಗ್ ಗೊತ್ತಾಗ್ಬೇಕು…"

"ಫೋನಂತೆ ಫೋನು! ಒಂಟೆ ಮೇಲ್ ಹೊರಟಿರ್ಬೇಕು ನಿಮ್ಮಮ್ಮ. ಇಂಥೋರು ದಾರ ಕತ್ತರಿಸಿದ್ರೆ ನನ್ನ ಮೊಮ್ಮಗ ಮದುವೆಗೂ ತೆವಳ್ಕೊಂಡೇ ಹೋಗ್ತಾನೆ!"

ನಾವೆಲ್ಲ ಗೊಳ್ಳೆಂದು ನಕ್ಕೆವು. ಕಿಟಕಿ ತೆರೆದೇ ಇತ್ತು. ಪಕ್ಕದ ಮನೆಯ ಜೌರೆ ಕತ್ತರಿ ತೆಗೆದುಕೊಂಡಳು. ದಾರ ತುಂಡಾಯಿತು, ಮಗು ಓಡಿತು, ನಾವು ಮಿಠಾಯಿ ಎರಚಿದೆವು. ಮೆರುಯೆರ್ತ್ ಅಡುಗೆಮನೆಗೆ ಹೋದವಳು ಹೊರಗೆ ಬರಲಿಲ್ಲ.

ಗೋಡೆ ಗಡಿಯಾರ ಒಂದು ಹೊಡೆಯುವಾಗ ಬಾಗಿಲ ಗಂಟೆಯೂ ಬಡಿಯಿತು. ಉಲ್ಬೋಸಿನ್! ಕಂಕುಳಲ್ಲಿ ಒಂದು ಬಟ್ಟೆಯ ಗಂಟು.

"ಹನ್ನೆರಡಾಯ್ತಲ್ವಾ? ರೈಲು ಬೆಳಗ್ಗೇನೇ ಬಂತು. ಬೇಗ ಬಂದ್ರೆ ನಿಮಗ್ ತೊಂದ್ರೆ ಅಂತ ಕೆಳಗ್ ಬೆಂಚಲ್ಲೇ ಕೂತಿದ್ದೆ."

ಬೆಂಚು ಇರುವುದು ಆ ಕಿಟಕಿಯ ಕೆಳಗೇ. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಗಂಟಿನಲ್ಲಿದ್ದದ್ದು ಚಳಿಗಾಲವಿಡೀ ಕೂತು ಆಕೆ ಕೈಯಾರೆ ನೂತ ದಾರ. ಅದನ್ನು ಬಿಚ್ಚುತ್ತಿದ್ದವರ ಕಣ್ಣಿಗೆ ಜಮಖಾನದ ಮೇಲಿನ ತುಂಡುಗಳು ಬಿದ್ದವು. ಮೆಲ್ಲಗೆ ಮತ್ತೆ ಸುತ್ತಿಟ್ಟರು.

"ಓಡ್ತಾನಲ್ಲ, ಅಷ್ಟೇ ಸಾಕು."

"ಬೀಗಿತ್ತೀ, ಇನ್ನೊಂದ್ಸಲ ಕಟ್ಟೋಣ," ಎಂದರು ಶರ್ಬಾನು ಅಕ್ಕ.

"ಬಿಡಿಸಿದ ಕಾಲಿಗೆ ಮತ್ತೆ ಕಟ್ಟಬಾರ್ದಮ್ಮ. ಮಗು ಎಡವತ್ತೆ."

ಶರ್ಬಾನು ಅಕ್ಕ ಜಮಖಾನದ ಮೇಲೆ ಕುಸಿದು ಕೂತು ತಮ್ಮ ಊದಿದ ಕಾಲುಗಳನ್ನು ಚಾಚಿದರು.

"ಹಾಗಾದ್ರೆ ನನ್ನ ಕಾಲಿಗ್ ಕಟ್ಟಿ. ಎಡವಿದ್ದು ನಾನು."

ಯಾರೂ ನಗಲಿಲ್ಲ. ಉಲ್ಬೋಸಿನ್ ಮಂಡಿಯೂರಿದರು, ಕಟ್ಟಿದರು, ಕತ್ತರಿಸಿದರು.

ದಾರ ಬಿಡಿಸಿಕೊಂಡ ಮಗು ತನ್ನವರ ಕಡೆ ನಡೆಯಬೇಕೆಂಬುದು ಪದ್ಧತಿ. ಅಕ್ಕ ಗೋಡೆ ಹಿಡಿದು ಎದ್ದು ಅಡುಗೆಮನೆಯ ಬಾಗಿಲವರೆಗೆ ಹೋದರು. ಮೆರುಯೆರ್ತ್ ಬೆನ್ನು ಮಾಡಿಕೊಂಡು ಬಟ್ಟಲುಗಳಿಗೆ ಚಹಾ ಬಗ್ಗಿಸುತ್ತಿದ್ದಳು.

"ಹುಡುಗೀ…"

ಸೊಸೆ ತಿರುಗಲಿಲ್ಲ. ಹೊಸ್ತಿಲಲ್ಲೇ ನಿಂತರು ಅಕ್ಕ, ತಪ್ಪು ಮಾಡಿದ ಮಗುವಿನ ಹಾಗೆ.