ಹತ್ತು ಲಕ್ಷದ ಒಂಬತ್ತು

ಬೇಲೂರಿನ ಭಾಷ್ಯಂ ಮೇಷ್ಟರು ಹಳೇಬೀಡಿನ ಬಸ್ಸಿಗೆಂದು ಚಪ್ಪಲಿ ಮೆಟ್ಟಿ, ಕೊಡೆ ಹಿಡಿದು ಹೊರಟಾಗಿನಿಂದ ಸೊಸೆ ಯದುಗಿರಿಯ ಕೈ ಈಳಿಗೆಮಣೆಯ ಮೇಲೆ ನಿಲ್ಲುತ್ತಿರಲಿಲ್ಲ. ಮಾವನ ಜೇಬಿನ ಚೀಟಿಯಲ್ಲಿ ಅವಳ ಉತ್ತರವಿತ್ತು: ಹತ್ತು ಲಕ್ಷದ ಒಂಬತ್ತು ಅವಿಭಾಜ್ಯ ಸಂಖ್ಯೆ, ಒಂದು ಮತ್ತು ತಾನಲ್ಲದೆ ಬೇರೆ ಯಾವುದರಿಂದಲೂ ಭಾಗವಾಗದು.

ಹಳೇಬೀಡಿನ ಹುಡುಗಿಯರ ಶಾಲೆಯ ಹೆಡ್‌ಮಿಸ್ ಮಹದೇವಮ್ಮ ಕೊಟ್ಟ ಸಂಖ್ಯೆ ಅದು. "ಬಿ.ಎಸ್ಸಿ. ಮಾಡಿ ಆರು ವರ್ಷ ಆಯ್ತು ಅಂತೀರಿ. ಲೆಕ್ಕ ಇನ್ನೂ ಕೈಲಿದೆಯಾ ನೋಡೋಣ. ಇದು ಭಾಗ ಆಗುತ್ತಾ ಇಲ್ವಾ, ಶುಕ್ರವಾರದೊಳಗೆ ಹೇಳಿ" ಎಂದಿದ್ದರು. ಉತ್ತರ ಸರಿಯಾದರೆ ಗಣಿತದ ಮೇಡಂ ಕೆಲಸ. ತಪ್ಪಿದರೆ ಇದೇ ಒಲೆ.

"ಹುರುಳಿಕಾಯಿ ಹೆಚ್ಚು ಅಂದ್ರೆ ಅರೀತಿದೀಯಲ್ಲೇ" ಎಂದರು ಅತ್ತೆ ವೇದವಲ್ಲಮ್ಮ.

ಸಾವಿರದೊಳಗಿನ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡಿದ್ದಳು. ಆದರೆ ಶುರುಮಾಡಿದಾಗ ತಿಂಗಳ ಮೂರು ದಿನ ಹೊರಗೆ ಕೂತಿದ್ದಳು. ಕಾಗದ, ಪುಸ್ತಕ ಮುಟ್ಟುವಂತಿಲ್ಲ. ಹಿತ್ತಲ ಕೋಣೆಯ ನೆಲದ ಮೇಲೆ ಇದ್ದಿಲಿನಲ್ಲೇ ಲೆಕ್ಕ. ನಾಲ್ಕನೆಯ ಬೆಳಿಗ್ಗೆ ಅವಳು ತಲೆಗೆ ನೀರು ಹಾಕಿಕೊಂಡು ಬರುವಷ್ಟರಲ್ಲಿ ಅತ್ತೆ ನೆಲ ಸಾರಿಸಿಬಿಟ್ಟಿದ್ದರು. ಮುನ್ನೂರ ಏಳರಿಂದ ಕಾಗದದಲ್ಲಿ ಮುಂದುವರಿಸಿದಳು. ಅದರ ಹಿಂದಿನದು ಇನ್ನೂರ ತೊಂಬತ್ತಮೂರು. ಅದನ್ನು ನೆಲದ ಮೇಲೆ ಬರೆದದ್ದು ನೆನಪಿದೆ. ಭಾಗಿಸಿದ್ದು?

"ಅತ್ತೆ, ಒಂದು ನಿಮಿಷ."

ವೇದವಲ್ಲಮ್ಮ ಈಳಿಗೆಮಣೆ ತಮ್ಮ ಕಡೆಗೆ ಎಳೆದುಕೊಂಡರು.

ಯದುಗಿರಿ ಒದ್ದೆ ಬೆರಳಿನಿಂದ ಕಡಪಾ ಕಲ್ಲಿನ ಮೇಲೆ ಭಾಗಿಸತೊಡಗಿದಳು. ಮೊದಲ ಸಾಲು ಆರುವ ಮೊದಲೇ ಕೊನೆಯದು ಬರೆಯಬೇಕು. ಭಾಗಲಬ್ಧ ಮೂರು, ನಾಲ್ಕು, ಒಂದು. ಕಡೆಗೆ ಎಂಟುನೂರ ಎಪ್ಪತ್ತೊಂಬತ್ತು ಉಳಿಯಿತು. ಇನ್ನೂರ ತೊಂಬತ್ತಮೂರು ಮೂರಲೆ ಅಷ್ಟೇ. ಶೇಷ ಸೊನ್ನೆ.

ಬೀದಿಯ ಕೊನೆಯಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಸೆರಗು ಸಿಕ್ಕಿಸಿಕೊಂಡು ಹೊರಗೆ ಓಡಿದಳು. ಮಾವ ಜಗುಲಿಯ ಮೇಲೇ ಕೂತಿದ್ದರು.

"ಬಸ್ ಹೋಯ್ತಲ್ಲ, ಮಾವ."

"ಹೋಗ್ಲಿ ಬಿಡಮ್ಮ. ಚೀಟಿ ಕೊಡೋವಾಗ ನಿನ್ನ ಕೈ ಅದನ್ನ ಬಿಡ್ತಾನೇ ಇರಲಿಲ್ಲ. ಹನ್ನೊಂದಕ್ಕೆ ಇನ್ನೊಂದಿದೆ. ನೀನೂ ಬಾ."

ಶಾಲೆಯಲ್ಲಿ ಮಹದೇವಮ್ಮ ಚೀಟಿ ನೋಡಿದರು. ಮೊದಲ ಉತ್ತರವನ್ನು ಹೊಡೆದುಹಾಕಿ ಕೆಳಗೆ ಇನ್ನೂರ ತೊಂಬತ್ತಮೂರು, ಮೂರು ಸಾವಿರದ ನಾನೂರ ಹದಿಮೂರು ಎಂದು ಯದುಗಿರಿ ಬರೆದಿದ್ದಳು. ಎರಡನ್ನೂ ತಾವೇ ಗುಣಿಸಿ ನೋಡಿ, "ಸರಿಯಿದೆ. ಮೊದಲು ಎಲ್ಲಿ ತಪ್ಪಿದ್ರಿ?" ಎಂದರು.

ಮಾವನ ಎದುರಿಗೆ ಹೇಳಲು ನಾಚಿಕೆ. ಆದರೂ ಇದ್ದದ್ದನ್ನು ಇದ್ದಹಾಗೆ ಹೇಳಿದಳು.

"ಲಿಂಗ ಕಟ್ಟಿದ ನಮ್ಮಲ್ಲಿ ಆ ಮುಟ್ಟಿನ ಸೂತಕ ಇಲ್ಲ ಕಣ್ರೀ" ಎಂದರು ಮಹದೇವಮ್ಮ. "ಕೆಲಸ ನಿಮ್ಮದೇ. ಆದ್ರೆ ತಿಂಗಳಿಗೆ ಮೂರು ದಿನ ಕ್ಲಾಸು ಬಿಟ್ಟು ಕೂತ್ಕೋತೀನಿ ಅಂದ್ರೆ ಆಗಲ್ಲ. ಯೋಚನೆ ಮಾಡಿ."

ಯದುಗಿರಿ ಮಾವನ ಕಡೆ ತಿರುಗಿದಳು. ದೇವಸ್ಥಾನದ ಸೇವೆಯ ಮನೆತನದ ಭಾಷ್ಯಂ ಮೇಷ್ಟರು ಮೇಜಿನ ಮೇಲಿನ ಚೀಟಿಯನ್ನು ಮಡಿಸಿ ಜೇಬಿಗೆ ಇಟ್ಟುಕೊಂಡರು.

"ಬರ್ತಾಳೆ. ಆ ಮೂರು ದಿನ ಹಿತ್ತಲ ಬಾಗಿಲಿಂದ ಹೊರಟು ಅಲ್ಲಿಂದಲೇ ಒಳಗೆ ಬರ್ತಾಳೆ" ಎಂದರು.

ವಾಪಸು ಬಸ್ಸಿನಲ್ಲಿ ಬೇಲೂರು ಹತ್ತಿರವಾಗುತ್ತಿದ್ದಂತೆ ಯದುಗಿರಿ ಕೇಳಿದಳು: "ಅತ್ತೆಗೆ ಯಾರು ಹೇಳೋದು, ಮಾವ?"

"ನಾನೇ" ಎಂದರು ಅವರು. ಆಮೇಲೆ ಕೊಡೆಯ ಪಟ್ಟಿಯ ಗುಂಡಿಯನ್ನು ಬಿಚ್ಚಿ, ಹಾಕಿ, ಮತ್ತೆ ಬಿಚ್ಚಿದರು.