ಕಡೆಮನೆಯ ಕೋವಿ

ಕೋವಿ ಬೇಕೆಂದು ಹಟ ಹಿಡಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೊನ್ನಾವರದ ಹೊಳೆಯಾಚೆಯ ನಮ್ಮ ಕಾಸರಕೋಡಿನಲ್ಲಿ ಈಗಲೂ ಕೆಲವರು ಅದು ನನ್ನ ಗಂಡನ ಬುದ್ಧಿ ಎಂದುಕೊಂಡಿದ್ದಾರೆ. ಪಾಪ, ನಮ್ಮ ಮನೆಯವರು, ರಮಾನಂದ (ಹೆಸರು ಹೇಳಬಾರದು, ಹೇಳಿದ್ದಾಯಿತು), ಪತ್ತೆಮಾರಿ ಹಾಯಿಹಡಗು ಹತ್ತಿ ಮುಂಬಯಿಗೆ ಹೆಂಚು ಒಯ್ಯುವ ಮನುಷ್ಯ. ಮಳೆಗಾಲದ ಮೂರು ತಿಂಗಳು ಬಿಟ್ಟರೆ ಅವರು ಮನೆಯಲ್ಲಿ ಉಂಡದ್ದಕ್ಕಿಂತ ಸಮುದ್ರದ ಮೇಲೆ ಉಂಡದ್ದೇ ಹೆಚ್ಚು.

ಅದು ನಲವತ್ತಾರನೇ ಇಸವಿ. ಯುದ್ಧ ಮುಗಿದಿತ್ತು, ರೇಷನ್ ಅಕ್ಕಿಯ ಸಾಲು ಮುಗಿದಿರಲಿಲ್ಲ. ಕಳ್ಳರಿಗೆ ಸುಗ್ಗಿ. ಪಕ್ಕದ ಮನೆಯ ಹೊನ್ನಿ ಹಾಡಹಗಲು ಹೊನ್ನಾವರದ ಪೇಟೆಗೆ ಹೋಗಿ ಬರುವಷ್ಟರಲ್ಲಿ ಅವಳ ಮನೆಯ ಪಾತ್ರೆ ಪಗಡೆ, ಕೊನೆಗೆ ಒಲೆಯ ಮೇಲಿನ ಗಂಜಿಯ ಮಡಿಕೆಯೂ ಮಾಯ. ಸುದ್ದಿ ಕುಮಟೆ ಮುಟ್ಟಿತು. ಮೂರನೇ ದಿನಕ್ಕೇ ಗಂಡನ ಅಣ್ಣ ಲಿಂಗಪ್ಪ ಬಾವ ಬಂದು ನನ್ನ ಜಗಲಿಯ ಮೇಲೆ ಕುಳಿತರು.

"ಹೆಂಗ್ಸು ಒಬ್ಳೇ ಇರೂ ಮನೆ ಅಲ್ಲ ಇದು ನೀಲಾ. ಕೇರಿಯ ಕಡೇ ಮನೆ. ಆಚೆಗೆ ಬರೀ ಹೊಳೆ. ಮಳೆಗಾಲ ಹೋಗಿ ದೀಪಾವಳಿ ಕಳೀಲಿ, ಗಾಡಿ ತತ್ತೆ. ಬೀಗ ಹಾಕಿ ಕುಮಟೆಗೆ ಬಾ" ಎಂದರು.

ಬಾವ ಕೆಟ್ಟವರಲ್ಲ. ಆದರೆ ಮದುವೆಯಾಗಿ ಆರು ವರ್ಷ ನಾನು ಕುಮಟೆಯ ಆ ಮನೆಯಲ್ಲಿ ವಾರಗಿತ್ತಿ ಮಂಗಲಾನ ಕೈಕೆಳಗೆ ಇದ್ದವಳು. ಒಂದು ಚಿಟಿಕೆ ಉಪ್ಪು ಬೇಕಾದರೂ ಅವಳನ್ನು ಕೇಳಬೇಕಿತ್ತು. ಇಲ್ಲಿ ನಾಲ್ಕು ಗೋಡೆ ಎಬ್ಬಿಸಿಕೊಂಡು ಬಂದ ದಿನ ಮೊದಲು ತಂದಿಟ್ಟದ್ದೇ ಉಪ್ಪು ತುಂಬಿಡುವ ಮರದ ಮರಿಗೆ. ನನ್ನ ಮರಿಗೆ, ನನ್ನ ಕೈ! ಹಿತ್ತಲಲ್ಲಿ ತೆಂಗಿನ ಸಿಪ್ಪೆ ಕೊಳೆಹಾಕುವ ಗುಂಡಿ, ಅಂಗಳದಲ್ಲಿ ನಾರಿನ ಹಗ್ಗ ಹೊಸೆಯುವ ರಾಟೆ. ಇದನ್ನೆಲ್ಲ ಬಿಟ್ಟು ಮತ್ತೆ ಉಪ್ಪು ಕೇಳಲು ಹೋಗಬೇಕೇ? ಸತ್ತರೂ ಇಲ್ಲ.

"ಬಾವ, ನಾನೊಂದು ಕೋವಿ ತಂದಿಟ್ಕಂಡ್ರೆ?" ಎಂದೆ.

ಬಾವ ನಕ್ಕ ನಗೆಗೆ ಬಾಯಿಯ ಎಲೆಅಡಿಕೆಯ ಕವಳ ಅಂಗಳಕ್ಕೆ ಬಿತ್ತು. "ತಕಂಬಾ ಮಾರಾಯ್ತಿ! ನೀ ಕೋವಿ ತಂದು ಈ ಮನೆ ಕಾದ್ರೆ ನಾ ಮತ್ತೆ ಬಾಯಿ ಬಿಡೂದಿಲ್ಲ" ಎಂದರು.

ನಕ್ಕಿದ್ದೇ ತಪ್ಪಾಯಿತು ಅವರದು. ನನಗೆ ಯಾರಾದರೂ ನಕ್ಕರೆ ಮೈಯೆಲ್ಲ ಉರಿಯುತ್ತದೆ, ಆಮೇಲೆ ನನ್ನನ್ನು ಹಿಡಿಯುವವರಿಲ್ಲ. ಕೋವಿಯ ಲೈಸೆನ್ಸಿಗಾಗಿ ಹೊನ್ನಾವರದ ಕಚೇರಿಗೆ ಹನ್ನೊಂದು ಸಲ ಹೋದೆ. ಗುಮಾಸ್ತ ಅರ್ಜಿ ನೋಡಿ, "ಗಂಡನ ಹೆಸರು ಬರೀರಿ" ಎಂದ. "ಗಂಡ ಮುಂಬಯಿಲಿದ್ರೆ ಅಲ್ಲಿಂದ ಹೊಡೀತಾರಾ?" ಎಂದೆ. ಹಿಂದೆ ನಿಂತವರೆಲ್ಲ ಗೊಳ್ಳೆಂದರು. ಮಳೆಗಾಲದಲ್ಲಿ ಬಂದ ಗಂಡ ಒಪ್ಪಿಗೆ ಬರೆದುಕೊಟ್ಟು, "ನನ್ನ ಮೇಲೆ ಮಾತ್ರ ಹೊಡಿಬೇಡ" ಎಂದು ಹೇಳಿ ಮತ್ತೆ ಪತ್ತೆಮಾರಿ ಹತ್ತಿದರು. ನವರಾತ್ರಿ ಕಳೆದು ನಾಲ್ಕು ದಿನಕ್ಕೆ ಕಾರವಾರದಿಂದ ಲೈಸೆನ್ಸು ಬಂತು. ಅದರ ಮೇಲೆ ನನ್ನ ಹೆಸರು! ಎರಡು ಬಳೆ ಬಿಚ್ಚಿ, ಕುಮಟೆಯಲ್ಲಿ ನೌಕರಿ ಮುಗಿಸಿ ಊರಿಗೆ ಹೊರಟಿದ್ದ ಜಂಗಲ್ ಖಾತೆಯ ಸಾಹೇಬರೊಬ್ಬರ ಕೋವಿ ಕೊಂಡೆ. ಒಂಟಿ ನಳಿಗೆ, ಒಂದು ಸಲಕ್ಕೆ ಒಂದೇ ತೋಟೆ. ಜೊತೆಗೆ ಐದು ತೋಟೆ ಕೊಟ್ಟರು. ತುಂಬುವುದು, ಬೆರಳಲ್ಲಿ ಕುದುರೆ ಎಳೆದು ಈಡು ಹಾರಿಸುವುದು, ಎಲ್ಲ ಅಂಗಳದಲ್ಲೇ ತೋರಿಸಿಕೊಟ್ಟರು.

ಅಬ್ಬಬ್ಬಾ, ಆ ದಿನದ ನನ್ನ ಠೀವಿ! ಕುಮಟೆಯಿಂದ ಇದ್ದಿಲಿನ ಬಸ್ಸು ಕೆಮ್ಮುತ್ತ ಹೊರಟಾಗ ಡ್ರೈವರನೇ ನನ್ನನ್ನು ಮುಂದಿನ ಸೀಟಿಗೆ ಕರೆದ. ಹೊನ್ನಾವರದಲ್ಲಿ ಹೊಳೆ ದಾಟಿಸುವ ತಾರಿ ದೋಣಿ ಹತ್ತಿದರೆ ಮೀನಿನ ಬುಟ್ಟಿಯವರು, ಶಾಲೆಯ ಮಾಸ್ತರರು, ಎಲ್ಲರೂ ಸರಿದು ಜಾಗ ಬಿಟ್ಟರು. ನಾನು ಕೋವಿಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡೆ. ಎದುರಿಗೆ ಕೊಡೆ ಹಿಡಿದ ಒಬ್ಬ ಸಭ್ಯಸ್ಥ ಕುಳಿತಿದ್ದ. ಬಿಳಿ ಟೋಪಿ, ಮೆತ್ತನೆ ಮಾತು.

"ಒಂದೇ ಈಡಾ ಅಕ್ಕ, ಎರಡಾ?" ಎಂದು ಕೇಳಿದ.

"ಒಂದೇ. ಮತ್ತೆ ಬಿಚ್ಚಿ ತುಂಬಬೇಕು."

"ನಮ್ಮ ಕರಾವಳಿಯ ಥಂಡಿಗೆ ತೋಟೆ ಕೆಡೂದಿಲ್ವಾ?"

"ಅದಕ್ಕೆ ಅಕ್ಕಿ ಡಬ್ಬಿಲಿ ಹುಗಿದಿಡಬೇಕಂತೆ" ಎಂದೆ. ಯಾರು ಕೇಳಿದ್ದರೂ ಹೇಳುತ್ತಿದ್ದೆ. ಕೇಳಲಿ ಎಂದು ಕಾಯುತ್ತಿದ್ದೆ ಎಂದರೂ ಸರಿಯೇ. ಮನೆ ಎಲ್ಲಿ ಎಂದ, ಕೇರಿಯ ಕಡೆಮನೆ ಎಂದೆ. ಯಜಮಾನರು ಎಂದ, ಮುಂಬಯಿ ಎಂದೆ. ನನ್ನಂಥ ಮಳ್ಳಿ ಇನ್ನೊಬ್ಬಳಿಲ್ಲ.

ನಮ್ಮ ಕೇರಿಯಲ್ಲಿ ಎಂಟು ಮನೆ, ಅದರಲ್ಲಿ ನನ್ನದು ಕೊನೆಯದು. ಗಂಡಸರು ಕಡಲಿಗೆ ಹೋಗುವ ಕೇರಿಯಾದ್ದರಿಂದ ಹಿಂದಿನಿಂದ ಒಂದು ರೂಢಿ ಇತ್ತು. ಸಂಜೆ ದೀಪ ಹಚ್ಚಿದ ಕೂಡಲೇ ಮೊದಲ ಮನೆಯ ಹನುಮಕ್ಕ ಅಂಗಳಕ್ಕೆ ಬಂದು "ಕೂ" ಎಂದು ಕೂಗುತ್ತಾಳೆ. ಎರಡನೇ ಮನೆ "ಕೂ" ಎನ್ನಬೇಕು, ಆಮೇಲೆ ಮೂರನೆಯದು. ಹೀಗೆ ನನ್ನ ಮನೆ ಮುಟ್ಟಿ ನಿಂತರೆ ಎಲ್ಲರೂ ಕ್ಷೇಮ. ಯಾವ ಮನೆಯ ಕೂ ಬರಲಿಲ್ಲವೋ ಆ ಮನೆಗೆ ಜನ ಹೋಗಿ ನೋಡುತ್ತಾರೆ. ಮೂರು ಸಲ ಒಟ್ಟಿಗೆ ಕೂಗಿದರೆ ಕೈಗೆ ಸಿಕ್ಕಿದ್ದು ಹಿಡಿದು ಓಡಬೇಕು.

ಕೋವಿ ನೋಡಲು ಕೇರಿಗೆ ಕೇರಿಯೇ ನೆರೆಯಿತು. ಹೊನ್ನಿ ಮುಟ್ಟಿ ನೋಡಿ ಕೈ ಹಿಂದಕ್ಕೆಳೆದುಕೊಂಡಳು. ಕಡಲಿಗೆ ಹೋಗದೆ ಹೊಳೆಯಲ್ಲೇ ದೋಣಿ ನಡೆಸುವ ಶುಕ್ರ ಒಮ್ಮೆ ಹೆಗಲಿಗಿಟ್ಟುಕೊಂಡು ಅಂಗಳದಲ್ಲಿ ಎರಡು ಸುತ್ತು ಹಾಕಿದ. ಹನುಮಕ್ಕ ಮಾತ್ರ ದೂರವೇ ನಿಂತಳು. ಎಪ್ಪತ್ತರ ಮುದುಕಿ, ನಾಲಿಗೆ ಇಪ್ಪತ್ತರದು.

"ತಂಗಿ, ಈ ಹಾಳು ಕೋಲು ಎಂತಕ್ಕೆ ತಂದೆ? ಬರದಿದ್ದ ಕಳ್ಳನೂ ಬತ್ತ ಇದಕ್ಕೆ" ಎಂದಳು.

"ಬರ್ಲಿ ಹನುಮಕ್ಕ, ಒಂದೇ ಈಡಿಗೆ ಕೆಡಗ್ತೆ."

"ನಾ ಹೇಳಿಟ್ಟಿದ್ದು ನೆನಪಿಟ್ಕ. ಕೋವಿ ಸದ್ದು ಕೇಳಿದ್ರೆ ನಾ ಬಾಗ್ಲು ಹಾಕಂತೆ. ನಲವತ್ತೆರಡರ ಚಳವಳಿಲಿ ನೋಡಿದ್ದೆ ನಾನು. ಸದ್ದಾದಲ್ಲಿಗೆ ಹೋದವ್ರಿಗೆಲ್ಲ ಪೋಲೀಸ್ರ ಲಾಠಿ, ಆಮೇಲೆ ಸಾಕ್ಷಿ ಅಂದೇಳಿ ಕಾರವಾರಕ್ಕೆ ಎಳೆದಾಟ."

ನನಗೆ ಸಿಟ್ಟು ಬಂತು. "ಬರಬ್ಯಾಡಿ. ನಾನೂ ಇನ್ನು ಕೂಗೂದಿಲ್ಲ. ಕೋವಿ ಇದ್ದ ಮನೆಯವ್ಳು ನರಿಯ ಹಾಗೆ ಕೂ ಕೂ ಅನ್ಬೇಕಾ?" ಎಂದುಬಿಟ್ಟೆ. ಹೊನ್ನಿ ಮುಖ ತಗ್ಗಿಸಿದಳು. ಹನುಮಕ್ಕ ಸೆರಗು ಕೊಡವಿಕೊಂಡು ಹೋದಳು.

ಆ ಸಂಜೆ ಏಳು ಕೂ ಬಂದವು. ಎಂಟನೆಯದು ನಾನು ಕೊಡಲಿಲ್ಲ. ಹೊನ್ನಿ ಓಡಿ ಬಂದು ಬೇಲಿಯಾಚೆಯಿಂದ ಇಣುಕಿದಳು, ನಾನು ಜಗಲಿಯಲ್ಲಿ ಕೋವಿಗೆ ಎಣ್ಣೆ ಸವರುತ್ತ ಕುಳಿತಿದ್ದೆ. ನೋಡಿಕೊಂಡು ಹಿಂದೆ ಹೋದಳು. ಎಂಟು ದಿನ ಹೀಗೇ ಬಂದು ನೋಡಿದಳು, ಆಮೇಲೆ ಅದೂ ನಿಂತಿತು. ಹೊನ್ನಿಯ ಮನೆಗೇ ಕೂ ಮುಗಿಯುವುದು ರೂಢಿಯಾಯಿತು. ನನಗೆ ಒಳಗೊಳಗೇ ಏನೋ ಚುಚ್ಚುತ್ತಿತ್ತು, ಒಪ್ಪಿಕೊಳ್ಳಲಿಲ್ಲ. ಗೋಡೆಯ ಮೇಲಿನ ಕೋವಿ ನೋಡಿದರೆ ಸಾಕು, ಮತ್ತೆ ಎದೆ ಉಬ್ಬುತ್ತಿತ್ತು.

ದೀಪಾವಳಿ ಕಳೆದ ದಿನ. ಮರುದಿನ ಬಾವ ಬರುವವರು. ಬರಲಿ, ಕೋವಿ ತೋರಿಸಿ ಕಳಿಸುತ್ತೇನೆ ಎಂದುಕೊಂಡು ನಾನು ಅಂಗಳ ಗುಡಿಸುತ್ತಿದ್ದೆ. ಹೊತ್ತು ಮುಳುಗಿತ್ತು, ಕೇರಿಯ ಕೂ ಆಗಲೇ ಹೊನ್ನಿಯ ಮನೆಯಲ್ಲಿ ನಿಂತಿತ್ತು. ಬೇಲಿಬಾಗಿಲಿನ ದಣಪೆ ಸರಿದ ಸದ್ದಾಯಿತು. ತಿರುಗಿ ನೋಡಿದರೆ ತಾರಿ ದೋಣಿಯ ಸಭ್ಯಸ್ಥ. ಅದೇ ಟೋಪಿ, ಅದೇ ಕೊಡೆ.

"ಅಕ್ಕ, ಹೆದ್ರಬ್ಯಾಡಿ. ನಿಮ್ಮ ಬಂಗಾರ ನಂಗೆ ಬ್ಯಾಡ. ಆ ಕೋವಿ ಕೊಡಿ, ಹೋಗ್ತೇನೆ" ಎಂದ, ಅದೇ ಮೆತ್ತನೆಯ ದನಿಯಲ್ಲಿ.

ಗುಡಿಸುವ ಹಿಡಿ ಬಿಸಾಡಿ ಒಳಗೆ ಓಡಿದೆ. ಗೋಡೆಯಿಂದ ಕೋವಿ ಕಿತ್ತೆ. ತೋಟೆ ತುಂಬಿಯೇ ಇತ್ತು. ಬಾಗಿಲಲ್ಲಿ ನಿಂತು ಗುರಿ ಹಿಡಿದೆ, ನಳಿಗೆ ಮೇಲಕ್ಕೆ ಹೋದದ್ದು ನೋಡದೆ ಕುದುರೆ ಎಳೆದೇಬಿಟ್ಟೆ. ಶಿವನೇ! ಹೆಗಲಿಗೆ ಎತ್ತು ಗುಮ್ಮಿದಂತಾಗಿ ಹಿಂದಕ್ಕೆ ಬಿದ್ದೆ. ಮಾಡಿನ ನಾಲ್ಕು ಹೆಂಚು ಪುಡಿಯಾಗಿ ನನ್ನ ಮೇಲೇ ಸುರಿದವು. ಅಂವ ಮಣ್ಣಿಗೆ ಬಗ್ಗಿದ್ದವನು ಮೆಲ್ಲಗೆ ಎದ್ದು ಕೊಡೆಯ ಧೂಳು ಕೊಡವಿದ.

ಆ ಸದ್ದಿಗೆ ಕೇರಿ ಎದ್ದು ಬರುತ್ತದೆ ಎಂದು ನಾನು ಕಾದೆ. ಬಂದದ್ದು ಬಾಗಿಲು ಹಾಕುವ ಸದ್ದು. ಧಡ್, ಧಡ್, ಧಡ್, ಸಾಲಾಗಿ ಏಳು ಮನೆಯ ಬಾಗಿಲು. ಹೊನ್ನಿಯ ಮನೆಯ ಅಗುಳಿ ಬಿದ್ದದ್ದೂ ಕೇಳಿತು. ಅಷ್ಟು ಒಂಟಿ ನಾನು ಹುಟ್ಟಿದಂದಿನಿಂದ ಆಗಿರಲಿಲ್ಲ.

"ಒಂದು ಆತು. ಉಳಿದ್ದು ಅಕ್ಕಿ ಡಬ್ಬಿಲಿ ಅಲ್ವಾ?" ಎಂದು ನಗುತ್ತ ಒಳಗೆ ಬಂದು ಅಂವ ನಳಿಗೆಗೆ ಕೈ ಹಾಕಿದ.

ನಾನು ಬಿಡಲಿಲ್ಲ. ಬಲ ಹೆಗಲು ಹೋಗಿತ್ತು, ಎಡಗೈಯಲ್ಲಿ ಕೋವಿಯ ಹಿಡಿಕೆ ಅಪ್ಪಿಕೊಂಡೆ. ಅಂವ ಎಳೆದ, ನಾನು ಎಳೆದೆ, ಜಗಲಿಯಿಂದ ಅಂಗಳಕ್ಕೆ ಬಂದೆವು. ಇನ್ನು ಕೈಯಲ್ಲಿ ಆಗುವುದಿಲ್ಲ ಎನಿಸಿದಾಗ ಬಾಯಿ ತಾನಾಗಿ ತೆರೆಯಿತು.

"ಕೂ! ಕೂ! ಕೂ!"

ಒಂದು ಉಸಿರು ಎಳೆಯುವಷ್ಟು ಹೊತ್ತು ಏನೂ ಇಲ್ಲ. ನಾನು ಅಂದ ಮಾತು ನೆನಪಾಗಿ ಕಣ್ಣು ತುಂಬಿತು. ಆಗ ಹೊನ್ನಿಯ ಮನೆಯ ಅಗುಳಿ ಎದ್ದ ಸದ್ದು. "ಕೂ!" ಅದರಾಚೆ ಇನ್ನೊಂದು. ಕೂ, ಕೂ, ಕೂ! ಬಾಗಿಲ ಮೇಲೆ ಬಾಗಿಲು ತೆರೆದು ಕೇರಿ ಕಟ್ಟೆ ಒಡೆದ ಹೊಳೆಯಂತೆ ನನ್ನ ಅಂಗಳಕ್ಕೆ ನುಗ್ಗಿತು. ಹೊನ್ನಿಯ ಕೈಯಲ್ಲಿ ಒನಕೆ, ಶುಕ್ರನ ಕೈಯಲ್ಲಿ ದೋಣಿಯ ಹುಟ್ಟು. ಸಭ್ಯಸ್ಥ ಕೋವಿ ಬಿಟ್ಟು ಹಿತ್ತಲಿಗೆ ಹಾರಿದ. ಆ ಕತ್ತಲಲ್ಲಿ ನನ್ನ ಸಿಪ್ಪೆ ಗುಂಡಿ ಅವನಿಗೇನು ಗೊತ್ತು? ಧೊಪ್ಪೆಂದು ಕುತ್ತಿಗೆಯವರೆಗೆ ಕೊಳೆನೀರಲ್ಲಿ! ಎಳೆದು ತೆಗೆದು ನಾನು ಹೊಸೆದ ಹಗ್ಗದಲ್ಲೇ ಕಟ್ಟಿದರು. ಆ ನಾತಕ್ಕೆ ಪೋಲೀಸರೂ ಮಾರು ದೂರ ನಿಂತು ಅವನನ್ನು ಕರೆದೊಯ್ದರು.

ಎಲ್ಲರಿಗಿಂತ ಕೊನೆಗೆ ಏದುಸಿರು ಬಿಡುತ್ತ ಹನುಮಕ್ಕ ಬಂದಳು, ಕೈಯಲ್ಲಿ ಅಂಗಳ ಗುಡಿಸುವ ಹಿಡಿ. "ನರಿ ಕೂಗ್ತಲ್ಲ, ಅದಕ್ಕೆ ಬಂದೆ" ಎಂದಳು. ನಾನು ಅವಳ ಕಾಲು ಹಿಡಿದು ಗೊಳೋ ಎಂದು ಅತ್ತೆ. "ಏಳೆ, ಏಳೆ, ಹೆಗಲಿಗೆ ಎಣ್ಣೆ ಹಚ್ತೆ" ಎಂದು ಅವಳು ನನ್ನನ್ನು ಒಳಗೆ ಕರೆದೊಯ್ದಳು.

ಮರುದಿನ ಮಧ್ಯಾಹ್ನ ಬಾವ ಬಂದರು. ತಾರಿ ದೋಣಿಯಲ್ಲೇ ಕತೆಯೆಲ್ಲ ಕೇಳಿದ್ದರು. ಮಾಡಿನ ತೂತು ನೋಡಿದರು, ಬಟ್ಟೆ ಕಟ್ಟಿದ ನನ್ನ ಹೆಗಲು ನೋಡಿದರು. ನಗಲಿಲ್ಲ.

"ಕೋವಿ ಇದ್ದೂ ಹಿಂಗಾತು. ಕೋವಿಗೇ ಕಳ್ಳ ಬಂದ. ಇನ್ನು ಎಂತ ಹೇಳ್ತೆ ನೀನು? ಗಂಟು ಕಟ್ಟು ತಂಗಿ, ಗಾಡಿ ಆಚೆ ದಂಡೆಲಿ ನಿಂತದೆ" ಎಂದರು.

ಮಾತು ಅವರದೇ ಸರಿ. ಒಂದು ಕೈಯಲ್ಲೇ ಪೆಟ್ಟಿಗೆ ತುಂಬಿದೆ. ಉಪ್ಪಿನ ಮರಿಗೆಯನ್ನು ಎತ್ತಿ, ಇಟ್ಟು, ಮತ್ತೆ ಎತ್ತಿದೆ. ಕುಮಟೆಯಲ್ಲಿ ಇದನ್ನು ಎಲ್ಲಿಡಲಿ? ಸಂಜೆಯಾಯಿತು. ಬಾವ ಪೆಟ್ಟಿಗೆ ಹೆಗಲಿಗೇರಿಸಿ, "ಕಡೇ ತಾರಿ ತಪ್ಪತದೆ" ಎಂದರು.

"ಒಂದು ದೀಪ ಹಚ್ಚಿ ಬತ್ತೆ ಬಾವ" ಎಂದೆ.

ದೀಪ ಹಚ್ಚಿದೆ. ಅಷ್ಟರಲ್ಲಿ ಹನುಮಕ್ಕನ ಕೂ ಬಂತು. ಆಮೇಲೆ ಎರಡನೆಯದು, ಮೂರನೆಯದು. ಒಂದೊಂದೇ ಮನೆ ದಾಟಿ ಹತ್ತಿರ ಹತ್ತಿರ ಬಂತು. ಹೊನ್ನಿಯ ಮನೆಗೆ ಬಂದು ನಿಂತಿತು. ಕೇರಿಯೆಲ್ಲ ಗಪ್ಪಾಯಿತು. ಅವರು ಕಾಯುತ್ತಿದ್ದಾರೆ ಎಂದು ಗೊತ್ತಾಯಿತು. ಅಂಗಳದ ನಡುವೆ ನಿಂತು ಹೆಗಲ ನೋವು ಮರೆತು ಕೂಗಿದೆ.

"ಕೂ!"

ಬಾವ ಮೆಲ್ಲಗೆ ಕೇಳಿದರು. "ಇದೆಂತದೇ?"

"ನಿನ್ನೆ ಇವ್ರೇ ಬಂದದ್ದು ಬಾವ. ಕೋವಿಗೆ ಬರ್ಲಿಲ್ಲ, ಇದಕ್ಕೆ ಬಂದ್ರು."

ಬಾವ ಕೇರಿಯ ಉದ್ದಕ್ಕೆ ಒಂದೊಂದೇ ದೀಪ ನೋಡಿದರು. "ನಮ್ಮ ಮನೇಲಿ ಕೂಗಿದ್ರೆ ಒಳಕೋಣೆಯಿಂದ್ಲೂ ಯಾರೂ ಎದ್ದು ಬರೂದಿಲ್ಲ" ಎಂದರು. ಆಮೇಲೆ ಪೆಟ್ಟಿಗೆ ಹೆಗಲಿನಿಂದ ಇಳಿಸಿ, ತಾವೇ ಒಳಗೆ ಒಯ್ದು, ಮೊದಲಿದ್ದ ಜಾಗದಲ್ಲೇ ಇಟ್ಟರು.

"ತಾರಿ ತಪ್ತು. ಗಂಜಿಗೆ ಇಡು" ಎಂದರು.

ನಾನು ಒಲೆ ಹೊತ್ತಿಸಿ, ಮರಿಗೆಗೆ ಕೈ ಹಾಕಿ, ಯಾರನ್ನೂ ಕೇಳದೆ ಉಪ್ಪು ಹಾಕಿದೆ.