ಒಂಬತ್ತನೇ ತರಗತಿಯ ಕೆಂಪು ಗುರುತು

ಗುಮ್ಮಘಟ್ಟದ ಹತ್ತಿರದ ಆ ಕನ್ನಡ ಮಾಧ್ಯಮದ ಶಾಲೆಯಲ್ಲಿ ವಾಣಿಶ್ರೀ ಕಲಿಸುತ್ತಿದ್ದುದು ಭೌತವಿಜ್ಞಾನ. ಸಮಾಜ ವಿಷಯದ ಮೇಷ್ಟರು ತರಬೇತಿಗೆ ಹೋದದ್ದರಿಂದ ಒಂಬತ್ತನೇ ತರಗತಿಯ ಜರ್ಮನಿಯ ಪಾಠ ಅವಳ ಪಾಲಿಗೆ ಬಂತು. ಒಂದು ಸರಕಾರ ಯಹೂದಿಗಳನ್ನು ಹುಡುಕಿ ಹುಡುಕಿ ಕೊಂದ ಪಾಠ.

ಕಳೆದ ವರ್ಷದ ಉತ್ತರಪತ್ರಿಕೆಗಳನ್ನು ಅವಳು ತಿರುವಿ ನೋಡಿದಳು. ಎಷ್ಟು ಜನ ಸತ್ತರು ಎಂಬ ಪ್ರಶ್ನೆಗೆ ಎಲ್ಲರೂ ‘ಅರವತ್ತು ಲಕ್ಷ’ ಎಂದು ಸರಿಯಾಗಿಯೇ ಬರೆದಿದ್ದರು. ಒಬ್ಬಳಂತೂ ಆ ಸಂಖ್ಯೆಯ ಸುತ್ತ ಸ್ಕೆಚ್ ಪೆನ್ನಿನಲ್ಲಿ ಹೂಬಳ್ಳಿ ಬಿಡಿಸಿದ್ದಳು. ಆ ಬಳ್ಳಿ ವಾಣಿಶ್ರೀಯ ಮನಸ್ಸಿನಿಂದ ಹೋಗಲಿಲ್ಲ.

“ಓದ್ಸಿ ಬಿಟ್ಬಿಡ್ರಿ ಮೇಡಂ,” ಎಂದರು ಹೆಡ್‌ಮಾಸ್ಟರ್ ಗೋಪಾಲಪ್ಪ. “ಮಧ್ಯಾಹ್ನ ಮಂಡಲ ಶಿಕ್ಷಣಾಧಿಕಾರಿ, ನಮ್ಮ ಎಂಇಒ ಸಾಹೇಬ್ರು, ಪಾಠ ನೋಡಾಕ ಬರ್ತಾರ. ಹುಡುಗ್ರಿಗೆ ಯಾಕ ಬೇಕ್ರಿ ಅಷ್ಟು ಘೋರ?”

“ಒಂದು ಪೀರಿಯಡ್ ಕೊಡಿ ಸಾರ್. ಕೊಂದಿದ್ದು ಬಿಡಿ, ಅದು ಹೆಂಗೆ ಶುರುವಾಯ್ತು ಅಂತ ತೋರಿಸ್ತೀನಿ,” ಎಂದಳು ಮಡಕಶಿರಾದ ವಾಣಿಶ್ರೀ.

“ಸಾಹೇಬ್ರು ಒಪ್ಪಿದ್ರ ನಾಳೆ ಮುಂದುವರಿಸ್ರಿ. ಇಲ್ಲಂದ್ರ ಪ್ರಶ್ನೋತ್ತರ ಬರ್ಸಿ ಪಾಠ ಮುಗಿಸಿಬಿಡ್ರಿ.”

ಪ್ರಯೋಗಾಲಯದಲ್ಲಿ ಮಾಡುವಂತೆ ಅವಳು ಎಲ್ಲವನ್ನೂ ಅಚ್ಚುಕಟ್ಟಾಗಿ ಯೋಜಿಸಿದ್ದಳು. ಚೀಟಿ ಎತ್ತಿ ಅರ್ಧ ತರಗತಿಯ ಕೈಗೆ ಬಣ್ಣ ಹಚ್ಚುವುದು. ಬಣ್ಣದವರಿಗೆ ಬೆಂಚಿಲ್ಲ, ನೀರಿಲ್ಲ ಎಂದು ಸಾರುವುದು. ಸ್ವಲ್ಪ ಹೊತ್ತಿನ ನಂತರ “ಹೇಗನಿಸಿತು?” ಎಂದು ಕೇಳಿ, ಜರ್ಮನಿಯಲ್ಲಿ ಯಹೂದಿಗಳ ಅಂಗಿಯ ಮೇಲೆ ಗುರುತಿಗೆಂದು ಹೊಲಿಸಿದ ಹಳದಿ ನಕ್ಷತ್ರದ ಕಥೆಗೆ ಬರುವುದು.

ಬಣ್ಣ ತರಲು ಕ್ಲಾಸ್ ಲೀಡರ್ ಓಬುಲೇಶನಿಗೆ ಹೇಳಿದ್ದಳು. ಅವನು ಮನೆಯಿಂದ ಡಬ್ಬಿ ತಂದ. ಅವನ ಅಪ್ಪ ಕುರಿಗಳ ಬೆನ್ನಿಗೆ ಹಚ್ಚುವ ಕೆಂಪು ಬಣ್ಣ. ಅವಳು ಹಚ್ಚಿ ಮುಗಿಸುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು. “ನಿಯಮ ಆಮೇಲೆ ಹೇಳ್ತೀನಿ,” ಎಂದು ಕಳಿಸಿದಳು.

ಎಡವಟ್ಟಾದದ್ದು ಇಲ್ಲಿ. ಕುರಿ ಸಾಕುವವರ ಮನೆಯ ಮಕ್ಕಳಿಗೆ ನಿಯಮ ಯಾರೂ ಹೇಳಬೇಕಿರಲಿಲ್ಲ. ಕೆರೆಯ ಬಳಿ ಎರಡು ಮಂದೆ ಬೆರೆತರೆ ಬಣ್ಣ ಇರುವುದು ನಮ್ಮದು, ಇಲ್ಲದ್ದು ಬೇರೆಯವರದು. ಅಷ್ಟೇ.

ಊಟ ಮುಗಿಸಿ ಬಂದ ವಾಣಿಶ್ರೀಗೆ ತರಗತಿಯಲ್ಲಿ ಅಳು ಕೇಳಿಸಿತು. ಬಣ್ಣದವರು ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದರು. ಬಣ್ಣವಿಲ್ಲದವರು ನೆಲದ ಮೇಲಿದ್ದರು. ನೀರಿನ ಕ್ಯಾನಿನ ಮುಂದೆ ಓಬುಲೇಶ ಲೋಟ ಹಿಡಿದು ಕಾವಲು ನಿಂತಿದ್ದ.

“ನಾನೇನ್ ತಪ್ಪಿಸ್ಕೊಂಡು ಬಂದ ಕುರಿ ಏನ್ರೀ ಮೇಡಂ?” ಎಂದು ರಾಮಾಂಜಿ ಮೂಗೊರೆಸಿಕೊಂಡ. “ನನಗೂ ಹಚ್ರಿ!”

“ಲೋ, ತಿರುಗಾಮುರುಗಾ ಮಾಡಿದೀರ ಕಣ್ರೋ! ಬಣ್ಣ ಇರೋರು ಹೊರಗೆ!” ಎಂದಳು ವಾಣಿಶ್ರೀ.

ಬೆಂಚಿನವರೆಲ್ಲ ಗೊಳ್ಳೆಂದು ನಕ್ಕರು. “ಬಣ್ಣ ಹಚ್ಚಿದ್ದನ್ನ ಯಾರಾದ್ರೂ ಹೊರಗ ಹಾಕ್ತಾರೇನ್ರೀ?”

ಅದೇ ಹೊತ್ತಿಗೆ ಗೋಪಾಲಪ್ಪನವರ ಜೊತೆ ಎಂಇಒ ನರಸಿಂಹಪ್ಪ ಬಾಗಿಲಿಗೆ ಬಂದರು. ಬಿಸಿಲಲ್ಲಿ ಬೈಕ್ ಓಡಿಸಿ ಬಂದು ಬೆವರು ಸುರಿಯುತ್ತಿತ್ತು. ನೇರವಾಗಿ ಕ್ಯಾನಿನ ಕಡೆ ನಡೆದರು.

“ಕೈ ತೋರಸ್ರಿ ಸರ್,” ಎಂದ ಓಬುಲೇಶ.

“ಯಾಕಪ್ಪಾ?”

“ಬಣ್ಣ ಇಲ್ಲದವ್ರಿಗೆ ನೀರಿಲ್ರಿ. ಕೆಳಗ ಕುಂದರ್ರಿ. ಮೇಡಂದು ರೂಲ್ ರೀ.”

ಆ ರೂಲ್ ಅವಳು ಹೇಳಿಯೇ ಇರಲಿಲ್ಲ. ಬಾಯಿ ತೆರೆಯುವ ಮುನ್ನ ಅವಳ ಕಣ್ಣಿಗೆ ಇನ್ನೊಂದು ದೃಶ್ಯ ಬಿತ್ತು. ಗೋಪಾಲಪ್ಪನವರು ಸದ್ದಿಲ್ಲದೆ ಡಬ್ಬಿಗೆ ಬೆರಳದ್ದಿ, ಅಂಗೈ ಹಿಂದೆ ಗೀಟು ಎಳೆದುಕೊಂಡು, ಬೆಂಚಿನ ತುದಿಯಲ್ಲಿ ಜಾಗ ಹಿಡಿದಿದ್ದರು.

ನರಸಿಂಹಪ್ಪ ಸುತ್ತ ನೋಡಿದರು. ನೆಲ ನೋಡಿದರು. ಲೋಟ ನೋಡಿದರು.

“ಸರೇ ಸರೇ. ನನಗೂ ಒಂದೀಟು ಹಚ್ಚಪ್ಪ.”

ಹಚ್ಚಿದ ಮೇಲೆ ಎರಡು ಲೋಟ ನೀರು ಸಿಕ್ಕಿತು. ಕುಡಿದು ಬೆಂಚಿನ ಮೇಲೆ ಕೂತರು. ಆಗ ವಾಣಿಶ್ರೀ ತನ್ನ ಯೋಜನೆಯನ್ನೆಲ್ಲ ಬದಿಗಿಟ್ಟಳು.

“ಓಬುಲೇಶ, ರಾಮಾಂಜಿಗೆ ನೀರು ಕೊಡಬೇಡ ಅಂತ ಯಾರು ಹೇಳಿದ್ದು?”

“ನೀವಽ ರೀ.”

“ನಾನು ಹೇಳಿದ್ನಾ?”

ಅವನು ಕೈಯ ಬಣ್ಣ ನೋಡಿಕೊಂಡ. “ಇಲ್ರಿ. ಹಚ್ಚಿದ್ರಲ್ರಿ...”

“ಜರ್ಮನೀಲೂ ಶುರುವಾಗಿದ್ದು ಕೊಲೆಯಿಂದಲ್ಲ,” ಎಂದಳು ಅವಳು. “ಈ ಅಂಗಡೀಲಿ ಕೊಳ್ಳಬೇಡಿ ಅಂದ್ರು. ಈ ಬೆಂಚಲ್ಲಿ ಕೂರಬೇಡಿ, ಈ ಶಾಲೆಗೆ ಬರಬೇಡಿ ಅಂದ್ರು. ನಕ್ಷತ್ರ ಹೊಲಿಸಿದ್ದು ಆಮೇಲೆ. ಆಮೇಲೆ ಸಾಯಿಸೋ ಕ್ಯಾಂಪಿಗೆ ರೈಲು. ಅಕ್ಕಪಕ್ಕದವರು ದಿನಾ ನೋಡ್ತಿದ್ರು. ಬಹಳ ಜನಕ್ಕೆ ಬೆಂಚು ಸಿಕ್ಕಿತ್ತು, ಸುಮ್ಮನೆ ಕೂತ್ರು.”

ಗೋಪಾಲಪ್ಪನವರು ಬೆಂಚಿನಿಂದ ಮೆಲ್ಲನೆ ಎದ್ದು ನಿಂತರು.

ನೆಲದ ಮೇಲಿದ್ದ ರಾಧಾ ಕೈ ಎತ್ತಿದಳು. “ಆವಾಗ ನೀರು ಕೊಟ್ಟವ್ರು ಯಾರೂ ಇರ್ಲಿಲ್ಲೇನ್ರೀ ಮೇಡಂ?”

“ಇದ್ರು. ಕಮ್ಮಿ ಜನ. ಅವರ ಕಥೆ...” ವಾಣಿಶ್ರೀ ಎಂಇಒ ಮುಖ ನೋಡಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಓಬುಲೇಶ ಲೋಟ ತುಂಬಿಸಿ ರಾಮಾಂಜಿಯ ಮುಂದೆ ಹಿಡಿದ. ರಾಮಾಂಜಿ ಅರ್ಧ ಕುಡಿದು ಉಳಿದರ್ಧವನ್ನು ಅವನ ತಲೆ ಮೇಲೆ ಸುರಿದ.

ನರಸಿಂಹಪ್ಪ ಹೊರಗೆ ಹೋದರು. ನಲ್ಲಿಯ ಕೆಳಗೆ ಕೈ ಉಜ್ಜಿದರು, ಸೋಪು ತರಿಸಿ ಉಜ್ಜಿದರು, ಗೋಡೆಗೂ ಉಜ್ಜಿದರು. ಕೆಂಪು ಹೋಗಲಿಲ್ಲ. ಸಂಜೆ ರಾಯದುರ್ಗದಲ್ಲಿ ಅವರಿಗೆ ಮೀಟಿಂಗ್ ಇತ್ತು.

“ಮೀಟಿಂಗ್‌ನಾಗ ಕೇಳಿದ್ರ ನಾನೇನ್ ಹೇಳ್ಲಿ?” ಎಂದು ಗೊಣಗಿದವರು, ಬೈಕ್ ಹತ್ತುವ ಮುಂಚೆ ವಾಣಿಶ್ರೀಯ ಕಡೆ ತಿರುಗಿದರು. “ಆ ನೀರು ಕೊಟ್ಟವ್ರ ಕಥಿ ನಾಳೆ ಹೇಳಮ್ಮಾ. ಪ್ರಶ್ನೋತ್ತರ ಆಮ್ಯಾಲ ನೋಡೋಣ.”

ಆಮೇಲೆ ತಲೆ ಒದ್ದೆಯಾಗಿ ನಿಂತಿದ್ದ ಓಬುಲೇಶನನ್ನು ಹತ್ತಿರ ಕರೆದು ತಗ್ಗಿದ ದನಿಯಲ್ಲಿ ಕೇಳಿದರು: “ಲೇ, ಈ ಬಣ್ಣ ಯಾವಾಗ ಹೋಗ್ತೈತೋ?”

ಓಬುಲೇಶ ಅವರ ಕೈಯನ್ನು ಹಿಡಿದು, ಅಪ್ಪ ಸಂತೆಯಲ್ಲಿ ಟಗರನ್ನು ನೋಡುವಂತೆ, ಹಿಂದೆ ಮುಂದೆ ತಿರುಗಿಸಿ ನೋಡಿದ.

“ಉಣ್ಣೆ ಕತ್ತರಿಸಿದ್ರ ಹೋಗ್ತೈತ್ರಿ ಸರ್.”